ರಿಗ್ರೆಷನ್ ರೇಖೆಯನ್ನು ಎಲ್ಲಿಯವರೆಗೆ ನಂಬಬಹುದು?

ಸಂಖ್ಯಾಶಾಸ್ತ್ರ ತರಗತಿಯಲ್ಲಿ ನಾವು ರಿಗ್ರೆಷನ್ ಲೆಕ್ಕವನ್ನು ಹೆಚ್ಚಾಗಿ ಜಾಹೀರಾತು ಖರ್ಚು ಮತ್ತು ಮಾರಾಟದ ಮೇಲೆ ಮಾಡುತ್ತೇವೆ. ಅದೇ ಸೂತ್ರವನ್ನು ಔಷಧದ ಪ್ರಮಾಣ ಮತ್ತು ರಕ್ತದಲ್ಲಿ ಅದರ ಸಾಂದ್ರತೆಗೂ ಬಳಸಬಹುದು. ನಮ್ಮ ನಾನಿ ಫಿಟ್ಸ್‌ಗೆ ಫೆನಿಟಾಯಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಆ ಔಷಧವನ್ನೇ ಉದಾಹರಣೆಯಾಗಿ ಆರಿಸಿಕೊಂಡೆ. ಇಲ್ಲಿರುವ ಅಂಕಿಗಳು ಲೆಕ್ಕಕ್ಕಾಗಿ ಮಾಡಿಕೊಂಡವು, ಯಾವ ರೋಗಿಯದ್ದೂ ಅಲ್ಲ.

ದಿನದ ಪ್ರಮಾಣ (ಎಕ್ಸ್): 100, 200, 300 ಮಿಲಿಗ್ರಾಂ.
ಸಾಂದ್ರತೆ (ವೈ): ಲೀಟರಿಗೆ 1, 2.7, 6 ಮಿಲಿಗ್ರಾಂ.

ಎಕ್ಸ್ ಸರಾಸರಿ 200, ವೈ ಸರಾಸರಿ 3.23. ವಿಚಲನೆಗಳ ಗುಣಲಬ್ಧಗಳ ಮೊತ್ತ 500. ಎಕ್ಸ್ ವಿಚಲನೆಗಳ ವರ್ಗಗಳ ಮೊತ್ತ 20,000. ಭಾಗಿಸಿದರೆ ಇಳಿಜಾರು 0.025. ಸಮೀಕರಣ ಹೀಗಿದೆ:

ವೈ = 0.025 ಎಕ್ಸ್ − 1.77

ಸಹಸಂಬಂಧ ಗುಣಾಂಕ 0.98. ಪರೀಕ್ಷೆಯಲ್ಲಾದರೆ ‘ಅತಿ ಹೆಚ್ಚಿನ ಧನಾತ್ಮಕ ಸಹಸಂಬಂಧ’ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ.

ಫೆನಿಟಾಯಿನ್ ಸಾಮಾನ್ಯವಾಗಿ ಲೀಟರಿಗೆ 10ರಿಂದ 20 ಮಿಲಿಗ್ರಾಂ ಇರಬೇಕು. ಪ್ರಮಾಣವನ್ನು 450ಕ್ಕೆ ಏರಿಸಿದರೆ ನಮ್ಮ ರೇಖೆ ಹೇಳುವುದು ಸುಮಾರು 9.5. ಅಂದರೆ ಇನ್ನೂ ಕಡಿಮೆಯೇ! ಆದರೆ ನಿಜವಾಗಿ ಬರುವುದು 36. ಅಷ್ಟಾದರೆ ಕಣ್ಣುಗುಡ್ಡೆ ಅದುರುತ್ತದೆ, ನಡೆಯುವಾಗ ತೂರಾಡುವಂತಾಗುತ್ತದೆ.

ಏಕೆ ಹೀಗೆ? ಪರೀಕ್ಷಾ ಶುಲ್ಕದ ಕೊನೆಯ ದಿನ ನೆನಪಿಸಿಕೊಳ್ಳಿ. ಕೌಂಟರಿನಲ್ಲಿ ಒಬ್ಬರೇ ಗುಮಾಸ್ತರು. ಅವರ ಕೈಲಾಗುವ ಮಿತಿ ಹತ್ತಿರವಾದಂತೆ ಕೆಲವೇ ಜನ ಹೆಚ್ಚಾದರೂ ಸಾಲು ಗೇಟಿನವರೆಗೆ ಬೆಳೆಯುತ್ತದೆ. ಫೆನಿಟಾಯಿನ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವಗಳಿಗೂ ಹಾಗೆಯೇ ಒಂದು ಮಿತಿಯಿದೆ. ಆ ಮಿತಿ ದಿನಕ್ಕೆ 500 ಮಿಲಿಗ್ರಾಂ, ಸಾಂದ್ರತೆ 4 ಇದ್ದಾಗ ಅದರ ಅರ್ಧ ವೇಗ ಎಂದುಕೊಂಡರೆ, ಸೂತ್ರ ಇದು:

ಸಾಂದ್ರತೆ = 4 × ಪ್ರಮಾಣ ÷ (500 − ಪ್ರಮಾಣ)

ಮೇಲಿನ ಅಂಕಿಗಳು ಇದರಿಂದಲೇ ಬಂದವು. 400ಕ್ಕೆ 16, 450ಕ್ಕೆ 36. ಮಿತಿ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕಾಗಿಯೇ ವೈದ್ಯರು ಈ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ರಕ್ತ ಪರೀಕ್ಷೆ ಮಾಡಿಸುತ್ತಾರೆ. ‘ಇನ್ನೊಂದು ಗೋಲಿ ತಿಂದರೆ ಏನಾಗುತ್ತೆ’ ಎನ್ನುವವರು ಮನೆಯಲ್ಲಿದ್ದರೆ ಈ ಲೆಕ್ಕ ತೋರಿಸಿ.

ನಾವು ಕಲಿಯಬೇಕಾದದ್ದು ಎರಡು. ಗುಣಾಂಕ 1ಕ್ಕೆ ಹತ್ತಿರವಿದ್ದ ಮಾತ್ರಕ್ಕೆ ಸಂಬಂಧ ಸರಳರೇಖೆಯದ್ದೇ ಆಗಬೇಕಿಲ್ಲ. ಮೊದಲು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ನೋಡಬೇಕು. ಅಂಕಿಗಳು ಮುಗಿದ ಕಡೆಯಿಂದ ಆಚೆಗೆ ರೇಖೆಯನ್ನು ಎಳೆಯುವಾಗ ಕಾರಣ ಕೇಳಬೇಕು.

350 ಮಿಲಿಗ್ರಾಂಗೆ ಎರಡೂ ವಿಧಾನದಲ್ಲಿ ನೀವೇ ಲೆಕ್ಕ ಮಾಡಿ. ರೇಖೆ 7 ಎನ್ನುತ್ತದೆ. ಸೂತ್ರ ಎಷ್ಟು ಎನ್ನುತ್ತದೆ?