ಪಾಳಿ ಬದಲಾದರೆ ಊಟದ ಲೆಕ್ಕ ಬದಲಾಗುತ್ತದೆಯೇ?



ಕಾರವಾರ, ಅಂಕೋಲಾ ಸೀಮೆಯಲ್ಲಿ ರಾತ್ರಿ ಎಚ್ಚರವಿದ್ದು ದುಡಿಯುವವರು ಬಹಳ. ಕೈಗಾ ಅಣು ವಿದ್ಯುತ್ ಕೇಂದ್ರದ ಒಂದನೇ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು. ಯಂತ್ರ ನಿಲ್ಲಲಿಲ್ಲವೆಂದರೆ ಅಷ್ಟೂ ರಾತ್ರಿ ಯಾರೋ ಎದ್ದು ಕುಳಿತಿದ್ದರು ಎಂದೇ ಅರ್ಥ. ಬಿಣಗಾದ ರಾಸಾಯನಿಕ ಕಾರ್ಖಾನೆಯ ಕಾರ್ಮಿಕರು, ಕೊಂಕಣ ರೈಲ್ವೆಯ ನೌಕರರು, ಅರಬೈಲ್ ಘಟ್ಟ ಹತ್ತುವ ಲಾರಿ ಚಾಲಕರು, ಆಸ್ಪತ್ರೆಯ ದಾದಿಯರು ಎಲ್ಲರದೂ ಇದೇ ಕಾಯಕ.

ಇಂಥವರ ಮನೆಗಳಲ್ಲಿ ಒಂದು ನಂಬಿಕೆ ಇದೆ: "ರಾತ್ರಿಯಿಡೀ ಎಚ್ಚರವಿರುತ್ತಾರೆ, ಹೆಚ್ಚು ಊಟ ಬೇಕು." ಇದು ನಿಜವೇ? ಲೆಕ್ಕ ಹಾಕಿ ನೋಡೋಣ.

ಮೂಲ ಖರ್ಚು

ನಾವು ಸುಮ್ಮನೆ ಮಲಗಿದ್ದರೂ ಹೃದಯ ಬಡಿಯುತ್ತದೆ, ಉಸಿರಾಟ ನಡೆಯುತ್ತದೆ, ಮೈ ಬೆಚ್ಚಗಿರುತ್ತದೆ. ಇದಕ್ಕೆ ತಗಲುವ ಶಕ್ತಿಯೇ ದೇಹದ ಮೂಲ ಖರ್ಚು. ವೈದ್ಯರು ಇದನ್ನು ಬಿ.ಎಂ.ಆರ್. ಎನ್ನುತ್ತಾರೆ. ಭಾರತೀಯರಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2010ರಲ್ಲಿ ಕೊಟ್ಟ ಸೂತ್ರದಂತೆ, 30ರಿಂದ 60 ವರ್ಷದವರು ಹೀಗೆ ಅಂದಾಜು ಮಾಡಬಹುದು:

ಪುರುಷರು: ತೂಕ (ಕಿಲೋ) × 10.9 + 833
ಮಹಿಳೆಯರು: ತೂಕ (ಕಿಲೋ) × 8.3 + 788

ಉದಾಹರಣೆಗೆ, 45 ವರ್ಷದ, 65 ಕಿಲೋ ತೂಕದ ಒಬ್ಬ ಪುರುಷನ ಮೂಲ ಖರ್ಚು ದಿನಕ್ಕೆ ಸುಮಾರು 1540 ಕ್ಯಾಲರಿ.

ಇದನ್ನು ಕೆಲಸದ ಬಗೆಗೆ ತಕ್ಕಂತೆ ಗುಣಿಸಬೇಕು. ಕುಳಿತು ಮಾಡುವ ಕೆಲಸಕ್ಕೆ 1.4, ಮಧ್ಯಮ ಶ್ರಮಕ್ಕೆ 1.8, ಭಾರೀ ಶ್ರಮಕ್ಕೆ 2.3. ಮೇಲೆ ಹೇಳಿದವರು ನಿಯಂತ್ರಣ ಕೊಠಡಿಯಲ್ಲಿ ಕುಳಿತು ದುಡಿಯುವವರಾದರೆ ಸುಮಾರು 2160 ಕ್ಯಾಲರಿ ಸಾಕು. ಓಡಾಡಿ, ಎತ್ತಿ ಇಳಿಸಿ ಮಾಡುವ ಮಧ್ಯಮ ಶ್ರಮವಾದರೆ ಸುಮಾರು 2770 ಬೇಕು. ಗಮನಿಸಿ, 600 ಕ್ಯಾಲರಿಯ ಈ ವ್ಯತ್ಯಾಸ ಬಂದದ್ದು ಮೈಶ್ರಮದಿಂದ, ಗಡಿಯಾರದಿಂದಲ್ಲ. ಇದು ಅಂದಾಜು ಮಾತ್ರ, ನೂರಿನ್ನೂರು ಕ್ಯಾಲರಿ ಆಚೀಚೆ ಆಗುವುದು ಸಹಜ. ಗರ್ಭಿಣಿಯರು, ತೀರಾ ದಪ್ಪಗಿರುವವರು, ಥೈರಾಯ್ಡ್ ಅಥವಾ ಮೂತ್ರಪಿಂಡದ ರೋಗವುಳ್ಳವರು ಈ ಸೂತ್ರ ನಂಬದೆ ವೈದ್ಯರನ್ನು ಕೇಳಬೇಕು.

ನಿದ್ದೆ ಕೆಟ್ಟರೆ ಖರ್ಚೆಷ್ಟು?

ಮೇಲಿನವರ ಮೂಲ ಖರ್ಚು ಗಂಟೆಗೆ ಸುಮಾರು 64 ಕ್ಯಾಲರಿ. ಮಲಗುವ ಬದಲು ಮೂರು ಗಂಟೆ ಎಚ್ಚರ ಕುಳಿತರೆ ಹೆಚ್ಚುವರಿ ಖರ್ಚು ನೂರು ಕ್ಯಾಲರಿಯನ್ನೂ ದಾಟುವುದಿಲ್ಲ. ಹೋಟೆಲಿನಲ್ಲಿ ಕರಿದ ಒಂದೇ ಒಂದು ಬನ್ಸ್ ಇದನ್ನು ಮೀರಿಸುತ್ತದೆ. ಆರು ಲೋಟ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಸಕ್ಕರೆಯೊಂದರಿಂದಲೇ ಸುಮಾರು 240 ಕ್ಯಾಲರಿ ಸೇರುತ್ತದೆ.

2014ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ನಡೆದ ಅಧ್ಯಯನದಲ್ಲಿ ಪಾಳಿ ಬದಲಾದ ಮೊದಲ ದಿನ ಶಕ್ತಿಯ ಖರ್ಚು ಶೇಕಡಾ 4ರಷ್ಟು ಏರಿತು. ಆದರೆ ಎರಡನೇ ಮತ್ತು ಮೂರನೇ ರಾತ್ರಿ ಪಾಳಿಯ ದಿನಗಳಲ್ಲಿ ಶೇಕಡಾ 3ರಷ್ಟು ಇಳಿಯಿತು. ಅಂದರೆ ರಾತ್ರಿ ಪಾಳಿಯಲ್ಲಿ ದೇಹ ಹೆಚ್ಚು ಸುಡುವುದಿಲ್ಲ, ತುಸು ಕಡಿಮೆಯೇ ಸುಡುತ್ತದೆ. ಆದರೂ ಹಸಿವು ಹೆಚ್ಚಾದಂತೆ ಅನಿಸುತ್ತದೆ, ಸಿಹಿ ಮತ್ತು ಕರಿದದ್ದರ ಮೇಲೆ ಆಸೆಯಾಗುತ್ತದೆ. ಅದು ನಿದ್ದೆಗೆಟ್ಟ ದೇಹದ ಕೂಗು, ಶಕ್ತಿಯ ಕೊರತೆಯಲ್ಲ.

ಹೊತ್ತೂ ಮುಖ್ಯ

ನಮ್ಮ ದೇಹದೊಳಗೂ ಒಂದು ಗಡಿಯಾರವಿದೆ. ನಡುರಾತ್ರಿ ಉಂಡ ಅನ್ನವನ್ನು ಅರಗಿಸಿ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡಲು ಆ ಹೊತ್ತಿನಲ್ಲಿ ಅದು ಸಿದ್ಧವಿರುವುದಿಲ್ಲ. 2021ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನದಲ್ಲಿ, ರಾತ್ರಿ ಕೆಲಸದಂತೆ ಎಚ್ಚರವಿದ್ದು ರಾತ್ರಿಯೂ ಉಂಡವರ ಸಕ್ಕರೆ ಸರಾಸರಿ ಶೇಕಡಾ 6.4ರಷ್ಟು ಏರಿತು. ಅದೇ ರೀತಿ ಎಚ್ಚರವಿದ್ದು ಹಗಲಿನಲ್ಲಷ್ಟೇ ಉಂಡವರಲ್ಲಿ ಏರಲಿಲ್ಲ.

ರಾತ್ರಿ ಪಾಳಿಯವರ ಊಟದ ಕ್ರಮ

1. ದಿನದ ಮುಖ್ಯ ಊಟ ಕೆಲಸಕ್ಕೆ ಹೊರಡುವ ಮೊದಲೇ ಮನೆಯಲ್ಲಿ ಆಗಲಿ. ಅನ್ನದ ಜೊತೆ ಬೇಳೆ ಅಥವಾ ಹೆಸರುಕಾಳು, ಪಲ್ಯ, ಮಜ್ಜಿಗೆ ಇರಲಿ.
2. ರಾತ್ರಿ 12ರಿಂದ ಬೆಳಗಿನ 5ರವರೆಗೆ ಹೊಟ್ಟೆ ತುಂಬ ಉಣ್ಣಬೇಡಿ. ತೀರಾ ಹಸಿವಾದರೆ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಅಥವಾ ಒಂದು ಲೋಟ ಮಜ್ಜಿಗೆ ಸಾಕು.
3. ಚಹಾ, ಕಾಫಿ ಪಾಳಿಯ ಮೊದಲರ್ಧದಲ್ಲಿ ಮುಗಿಯಲಿ. ತಡವಾಗಿ ಕುಡಿದರೆ ಹಗಲಿನ ನಿದ್ದೆ ಹಾಳು.
4. ಮನೆಗೆ ಬಂದ ಮೇಲೆ ಸ್ವಲ್ಪ ಗಂಜಿ ಅಥವಾ ಒಂದೆರಡು ಇಡ್ಲಿ ತಿಂದು ಮಲಗಿ. ಎದ್ದ ಮೇಲೆ ಊಟ ಮಾಡಿ.
5. ಪಾಳಿಯ ಒಂದು ಸುತ್ತಿಗೊಮ್ಮೆ, ಒಂದೇ ತಕ್ಕಡಿಯಲ್ಲಿ, ವಾರದ ರಜೆಯ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ತೂಕ ಏರುತ್ತಿದ್ದರೆ ನಿಮ್ಮ ಲೆಕ್ಕ ಹೆಚ್ಚಾಗಿದೆ. ಸೊಂಟದ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಬಾರದು.

ಸಕ್ಕರೆ ಕಾಯಿಲೆಯವರಿಗೆ ಎಚ್ಚರಿಕೆ

ಈ ಪತ್ರ ಓದಿ ಊಟ ಕಡಿಮೆ ಮಾಡಿ, ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಪಾಳಿ ಬದಲಾಯಿತೆಂದು ಔಷಧಿಯನ್ನು ನೀವಾಗಿ ಬಿಡುವುದೂ ಅಷ್ಟೇ ತಪ್ಪು. ತಪಾಸಣೆಗೆ ಬರುವಾಗ ನಿಮ್ಮ ಪಾಳಿಯ ಪಟ್ಟಿಯನ್ನೂ ತನ್ನಿ. ಯಾವ ಪಾಳಿಗೆ ಯಾವ ಹೊತ್ತಿನ ಔಷಧಿ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಬೆವರು, ನಡುಕ, ತಲೆಸುತ್ತು, ಕಣ್ಣು ಮಂಜಾಗುವುದು ಕಂಡರೆ ಕೆಲಸ ನಿಲ್ಲಿಸಿ. ವಾಹನ ಓಡಿಸುತ್ತಿದ್ದರೆ ಬದಿಗೆ ನಿಲ್ಲಿಸಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಬನ್ನಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಕರೆತನ್ನಿ.

ಮನೆಯವರಿಗೊಂದು ಮಾತು

ದುಡಿದು ಬಂದವರಿಗೆ ಬಡಿಸುವುದು ಪ್ರೀತಿಯೇ ಸರಿ. ಆದರೆ ಇನ್ನೊಂದು ಸೌಟು ಅನ್ನಕ್ಕಿಂತ, ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಟಿ.ವಿ. ಆರಿಸಿ, ಆರೇಳು ಗಂಟೆ ಯಾರೂ ಎಬ್ಬಿಸದಂತೆ ನೋಡಿಕೊಳ್ಳುವುದೇ ಅವರಿಗೆ ದೊಡ್ಡ ಸೇವೆ. ಇಲ್ಲಿ ರೋಗಿಯ ಬಳಿ ರಾತ್ರಿ ಜಾಗರಣೆ ಮಾಡುವ ಬಂಧುಗಳೂ ಒಂದು ರೀತಿಯಲ್ಲಿ ರಾತ್ರಿ ಪಾಳಿಯವರೇ. ಈ ಕ್ರಮ ನಿಮಗೂ ಅನ್ವಯ. ಸರದಿಯಂತೆ ಕುಳಿತುಕೊಳ್ಳಿ, ಸರದಿಯಂತೆ ಮಲಗಿ.

ದಾಸೋಹದಲ್ಲಿ ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಂಡು ಚೆಲ್ಲದೆ ಉಣ್ಣುವುದು ನಮ್ಮ ಪದ್ಧತಿ. ದೇಹದ ಲೆಕ್ಕವೂ ಅದನ್ನೇ ಹೇಳುತ್ತದೆ. ಕಾಯಕ ಹಗಲಿರಲಿ, ಇರುಳಿರಲಿ, ಊಟ ಶ್ರಮಕ್ಕೆ ತಕ್ಕಷ್ಟಿರಲಿ.