ನೀಲಿಹಸುರು ಪಾಚಿಯ ಬಣ್ಣ

ಮಳೆಗಾಲದಲ್ಲಿ ಅಂಗಳದ ಕಲ್ಲುಗಳ ಮೇಲೆ ಹಬ್ಬಿ ಕಾಲು ಜಾರಿಸುವ ನೀಲಿಹಸುರು ಪಾಚಿಯನ್ನು ಪಂಡಿತರು ಸಯನೋಬ್ಯಾಕ್ಟೀರಿಯವೆಂದು ಕರೆದು ಬ್ಯಾಕ್ಟೀರಿಯಗಳ ವರ್ಗಕ್ಕೆ ಸೇರಿಸಿರುವರು. ಇದರ ಬಣ್ಣವು ಹುಟ್ಟುಗುಣವೊಂದನ್ನೇ ಅವಲಂಬಿಸಿದುದಲ್ಲ; ದೊರೆಯುವ ಬೆಳಕನ್ನೂ ಆಹಾರವನ್ನೂ ಅನುಸರಿಸಿ ಮಾರ್ಪಡುವುದು.

ಈ ಜೀವಿಗಳಲ್ಲಿ ಪತ್ರಹರಿತಿನೊಡನೆ ನೀಲಿಯಾದ ಫೈಕೋಸಯನಿನ್ ಇರುವುದು. ಕೆಲವು ಜಾತಿಗಳಲ್ಲಿ ಕೆಂಪಾದ ಫೈಕೋಎರಿಥ್ರಿನ್ ಸಹ ಉಂಟು. ೧೯೦೨ರಲ್ಲಿ ಗೈದುಕೋವ್ ಎಂಬ ರಷ್ಯಾದ ವಿಜ್ಞಾನಿಯು ಆಸಿಲ್ಲಟೋರಿಯವನ್ನು ಬಗೆಬಗೆಯ ಬಣ್ಣದ ಬೆಳಕಿನಲ್ಲಿ ಬೆಳೆಯಿಸಿದನೆಂದು ಪ್ರಕಟಿಸಿದನು. ಹಸುರು ಬೆಳಕಿನಲ್ಲಿ ಅದು ಕೆಂಪಡರಿತು. ಕೆಂಪು ಬೆಳಕಿನಲ್ಲಿ ನೀಲಿಹಸುರಾಯಿತು. ಬಂದ ಬೆಳಕನ್ನು ಹೀರಬಲ್ಲ ವರ್ಣದ್ರವ್ಯವನ್ನೇ ಹೆಚ್ಚಾಗಿ ಮಾಡಿಕೊಳ್ಳುವ ಜಾಣತನವಿದು. ಮಂದ ಬೆಳಕಿನಲ್ಲಿ ಬಣ್ಣವು ಸಾಮಾನ್ಯವಾಗಿ ಗಾಢವಾಗುವುದು. ಪ್ರಖರವಾದ ಬಿಸಿಲಿನಲ್ಲಿ ತೆಳುವಾಗುವುದು.

ಆದರೆ ನಮ್ಮನ್ನು ಹೆಚ್ಚು ಸೆಳೆಯುವುದು ಸಾರಜನಕದ ವಿಷಯ. ಫೈಕೋಸಯನಿನ್ ಪ್ರೋಟೀನಾದುದರಿಂದ ಅದರಲ್ಲಿ ಸಾರಜನಕವು ಕೂಡಿಟ್ಟಂತಿರುವುದು. ನೀರಿನಲ್ಲಿ ನೈಟ್ರೇಟು ಮುಗಿದಾಗ, ಗಾಳಿಯ ಸಾರಜನಕವನ್ನು ಬಳಸಲಾರದ ಸಿನೆಕೋಸಿಸ್ಟಿಸ್ ಮೊದಲಾದವು, ಒಡವೆ ಮಾರಿ ಬರಗಾಲ ಕಳೆಯುವ ಗೃಹಿಣಿಯಂತೆ, ತಮ್ಮ ವರ್ಣದ್ರವ್ಯವನ್ನೇ ಕರಗಿಸಿಕೊಂಡು ಜೀವ ಹಿಡಿದಿರುವುವು. ಜಾಡಿಯ ನೀರು ಹಳದಿಯಾಗುವುದು. ವಿದ್ಯಾರ್ಥಿನಿಯರು ಪಾಚಿ ಸತ್ತಿತೆಂದು ಜಾಡಿಯನ್ನು ತೊಳೆಯಹೊರಡುವುದು ಈ ಹಂತದಲ್ಲಿಯೇ! ಅದು ಆ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ನೈಟ್ರೇಟು ಬೆರೆಸಿದರೆ ಎರಡು ಮೂರು ದಿನಗಳಲ್ಲಿ ಹಸುರು ಮರಳುವುದು. ಆದುದರಿಂದ ಹಳದಿಯಾದ ಜಾಡಿಗೆ ಚೀಟಿಯಂಟಿಸಿ, ಸ್ವಲ್ಪ ನೈಟ್ರೇಟು ಹಾಕಿ, ವಾರವೊಂದು ಕಾಯಬೇಕೆಂದು ಹೇಳಿರುವೆವು. ಗಂಧಕದ ಕೊರತೆಯಿಂದಲೂ ಬಣ್ಣ ಕುಂದುವುದುಂಟು. ಆಗ ನೈಟ್ರೇಟಿನಿಂದ ಫಲವಿಲ್ಲ, ಸಲ್ಫೇಟನ್ನು ಸೇರಿಸಿ ನೋಡಬೇಕು.