ಚಡ್ಡಿ ಹಾಕಿದ್ದಕ್ಕೆ ದಂಡ

ನಾವು ಇಂದು ಒಂದು ಆಟದ ವಿಷಯ ಓದೋಣ. ಅದರ ಹೆಸರು ಹ್ಯಾಂಡ್‌ಬಾಲ್. ಚೆಂಡನ್ನು ಕೈಯಿಂದ ಎಸೆದು ಗೋಲು ಹೊಡೆಯುವ ಆಟ ಇದು. ಒಂದು ತಂಡಕ್ಕೆ ಏಳು ಜನ.

ಯುರೋಪಿನಲ್ಲಿ ನಾರ್ವೆ ಅಂತ ಒಂದು ದೇಶ ಇದೆ. ಅಲ್ಲಿನ ಹೆಂಗಸರು ಈ ಆಟದಲ್ಲಿ ಗಟ್ಟಿಗರು. 2008, 2012 ಮತ್ತು 2024ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು.

ಇದೇ ಆಟವನ್ನು ಸಮುದ್ರ ತೀರದ ಮರಳಿನಲ್ಲೂ ಆಡುತ್ತಾರೆ. ಆಗ ತಂಡಕ್ಕೆ ನಾಲ್ಕೇ ಜನ. ಅದಕ್ಕೆ ಬೇರೆ ಆಟಗಾರ್ತಿಯರು. ಆ ಆಟಕ್ಕೆ ಒಂದು ನಿಯಮ ಇತ್ತು. ಗಂಡಸರು ಚಡ್ಡಿ ಹಾಕಬಹುದು. ಹೆಂಗಸರು ಮಾತ್ರ ಬಿಕಿನಿ ಎಂಬ ತುಂಡು ಬಟ್ಟೆಯನ್ನೇ ತೊಡಬೇಕು. ನಾರ್ವೆಯವರಿಗೆ ಇದು ಹಿಡಿಸಲಿಲ್ಲ. ನಿಯಮ ಬದಲಿಸಿ ಅಂತ ಕೇಳಿದರು. ಬದಲಾಗಲಿಲ್ಲ.

2021ರಲ್ಲಿ ಬಲ್ಗೇರಿಯಾ ದೇಶದಲ್ಲಿ ಪಂದ್ಯಗಳು ನಡೆದವು. ಒಂದು ಪಂದ್ಯಕ್ಕೆ ನಾರ್ವೆಯ ಹೆಂಗಸರೆಲ್ಲ ಚಡ್ಡಿ ಹಾಕಿಕೊಂಡೇ ಇಳಿದರು. 1,500 ಯೂರೋ ದಂಡ ಬಿತ್ತು. ಯೂರೋ ಅಂದರೆ ಯುರೋಪಿನ ಹಣ.

ಸುದ್ದಿ ದೇಶದೇಶಕ್ಕೂ ಹಬ್ಬಿತು. ಜನ ಆಟಗಾರ್ತಿಯರ ಪರ ನಿಂತರು. ಅದೇ ವರ್ಷ ನಿಯಮ ತಿದ್ದಿದರು. 2022ರಿಂದ ಹೆಂಗಸರಿಗೂ ಚಡ್ಡಿ ಬಂತು.

ಒಬ್ಬಳೇ ಚಡ್ಡಿ ಹಾಕಿದ್ದರೆ ಏನಾಗುತ್ತಿತ್ತು? ನಮ್ಮ ಬಟ್ಟೆ ಯಾವುದು ಅಂತ ಯಾರು ಹೇಳಬೇಕು? ಕೂತು ಮಾತಾಡೋಣ.